ಧೈರ್ಯದ ಭಾಷಣ ಸಾಕು, ಲ್ಯಾಬಿನ ಬಾಗಿಲು ತೆರೆಯಿರಿ

ಮಾನ್ಯ ಸಂಪಾದಕರೇ,

ಗೇಟ್ (ಎಂ.ಟೆಕ್ ಪ್ರವೇಶಕ್ಕೆ), ಕ್ಯಾಟ್ (ಐಐಎಂಗಳಂಥ ಕಡೆ ಎಂಬಿಎ ಪ್ರವೇಶಕ್ಕೆ), ಪಿಜಿಸಿಇಟಿ (ರಾಜ್ಯದ ಸ್ನಾತಕೋತ್ತರ ಕೋರ್ಸುಗಳಿಗೆ) ಪರೀಕ್ಷೆಗಳು ಹತ್ತಿರ ಬಂದಾಗಲೆಲ್ಲ ಕಾಲೇಜು ಸಭಾಂಗಣಗಳಲ್ಲಿ ‘ಹೆದರಬೇಡಿ, ನಿಮ್ಮಿಂದ ಆಗುತ್ತದೆ’ ಎಂಬ ಭಾಷಣಗಳು ನಡೆಯುತ್ತವೆ. ಕೇಳಲು ಹಿತ. ಆದರೆ ಪರದೆಯ ಮೇಲೆ ಮೊದಲ ಮೂರು ಪ್ರಶ್ನೆಗಳು ತಲೆಗೇ ಹೋಗದಿದ್ದಾಗ ಆ ಭಾಷಣ ನೆನಪಿಗೂ ಬರುವುದಿಲ್ಲ. ಆಗ ಕೈ ಹಿಡಿಯುವುದು ಮೊದಲೇ ಮಾಡಿ ಮಾಡಿ ರೂಢಿಯಾದ ಕ್ರಮ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಮಕ್ಕಳು ಓದುವುದರಲ್ಲಿ ಹಿಂದೆ ಬಿದ್ದಿಲ್ಲ. ಕೊರತೆ ಇರುವುದು ಆ ರೂಢಿಯದ್ದು ಮಾತ್ರ.

ಬಹಳಷ್ಟು ಮಂದಿ ಮಾಕ್ (ಅಭ್ಯಾಸದ ಅಣಕು) ಪರೀಕ್ಷೆ ಬರೆಯುವುದು ಮೊಬೈಲಿನಲ್ಲಿ, ಹಾಸಿಗೆಯ ಮೇಲೆ, ನಡುವೆ ಎರಡು ಸಲ ಚಹಾಕ್ಕೆ ಎದ್ದು. ಕೇಂದ್ರದಲ್ಲಿ ಪ್ರಶ್ನೆ ಎದುರಿನ ಪರದೆಯಲ್ಲಿ, ರಫ್ ಹಾಳೆ ಕೆಳಗೆ ಮೇಜಿನ ಮೇಲೆ. ಗೇಟ್‌ನಲ್ಲಿ ಕ್ಯಾಲ್ಕುಲೇಟರ್ ಕೂಡ ಪರದೆಯಲ್ಲೇ ಇರುತ್ತದೆ, ಮೌಸಿನಿಂದ ಒಂದೊಂದೇ ಅಂಕೆ ಒತ್ತಬೇಕು. ನಾಲ್ಕು ವರ್ಷ ಕ್ಯಾಸಿಯೊ ಒತ್ತಿದ ಕೈಗೆ ಇದು ನಿಧಾನ. ಮೊದಲ ಲೆಕ್ಕದಲ್ಲೇ ಒಂದು ಬ್ರಾಕೆಟ್ ತಪ್ಪಿ, ಬಂದ ಉತ್ತರ ನಾಲ್ಕು ಆಯ್ಕೆಗಳಲ್ಲೂ ಇಲ್ಲದಿದ್ದರೆ ಗಾಬರಿ ಅಲ್ಲಿಂದಲೇ ಶುರು. ವಿಷಯ ಗೊತ್ತಿದ್ದವನಿಗೂ ‘ನನಗೇನೂ ಬರುವುದಿಲ್ಲ’ ಅನಿಸಿಬಿಡುತ್ತದೆ.

ಗುಂಡಿಗಳದ್ದೂ ಹಾಗೆಯೇ. ಆಯ್ಕೆ ಗುರುತಿಸಿದ ಮೇಲೆ ‘ಸೇವ್ ಆಂಡ್ ನೆಕ್ಸ್ಟ್’ ಒತ್ತಬೇಕು. ಅದನ್ನು ಬಿಟ್ಟು ಬಲಬದಿಯ ಪ್ರಶ್ನೆ ಸಂಖ್ಯೆ ಒತ್ತಿ ಮುಂದೆ ಹೋದರೆ ಉತ್ತರ ಉಳಿಯುವುದಿಲ್ಲ. ಆ ಸಂಖ್ಯೆಯ ಬಣ್ಣ ಹಸಿರು ಎಂದರೆ ಉತ್ತರಿಸಿದ್ದು, ಕೆಂಪು ಎಂದರೆ ನೋಡಿ ಬಿಟ್ಟದ್ದು, ನೇರಳೆ ಎಂದರೆ ಮತ್ತೆ ನೋಡಲು ಗುರುತಿಟ್ಟದ್ದು. ನೇರಳೆಯ ಜೊತೆ ಹಸಿರು ಗುರುತಿದ್ದರೆ ಆ ಉತ್ತರವೂ ಮೌಲ್ಯಮಾಪನಕ್ಕೆ ಹೋಗುತ್ತದೆ. ಇದು ಗೊತ್ತಿಲ್ಲದೆ ಕೊನೆಯ ಐದು ನಿಮಿಷ ನೇರಳೆಗಳನ್ನೆಲ್ಲ ಹಸಿರು ಮಾಡಲು ಒದ್ದಾಡುವವರಿದ್ದಾರೆ.

ಗೇಟ್‌ನ 65 ಪ್ರಶ್ನೆಗಳಿಗೆ 180 ನಿಮಿಷ. ಸಾಮಾನ್ಯ ಸಾಮರ್ಥ್ಯದ 10 ಪ್ರಶ್ನೆಗಳಿಗೆ 15 ಅಂಕ. ಅದರಿಂದಲೇ ಆರಂಭಿಸಿ, 20 ನಿಮಿಷಕ್ಕೆ ಮುಗಿಸಿ ಎಂಬುದು ನಮ್ಮ ಸಲಹೆ; ಸೂತ್ರಗಳನ್ನು ನೆನಪಿಸಿಕೊಳ್ಳುವ ಕೆಲಸವಿಲ್ಲ, ಕೈ ಪಳಗುತ್ತದೆ. ಮುಂದಿನ 90 ನಿಮಿಷದಲ್ಲಿ ಉಳಿದ 55ನ್ನೂ ಒಂದು ಸುತ್ತು ನೋಡಬೇಕು. ಓದಿ ಅರ್ಧ ನಿಮಿಷದೊಳಗೆ ದಾರಿ ಕಂಡರೆ ಮಾಡುವುದು, ಇಲ್ಲದಿದ್ದರೆ ಗುರುತಿಟ್ಟು ಮುಂದೆ ಹೋಗುವುದು. ಮತ್ತೆ 50 ನಿಮಿಷ ಆ ಗುರುತಿನವಕ್ಕೆ. ಕೊನೆಯ 20 ನಿಮಿಷ ಸಂಖ್ಯೆ ತುಂಬುವ ಪ್ರಶ್ನೆಗಳ ದಶಮಾಂಶ, ಏಕಮಾನ ಸರಿ ನೋಡಲು. ಕ್ಯಾಟ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ. ಮೂರು ವಿಭಾಗಗಳಿಗೆ ತಲಾ 40 ನಿಮಿಷ, ಮುಗಿದದ್ದಕ್ಕೆ ಮರಳುವಂತಿಲ್ಲ. ಹಾಗಾಗಿ ಡೇಟಾ ಮತ್ತು ತರ್ಕದ ವಿಭಾಗದಲ್ಲಿ ಮೊದಲ ನಾಲ್ಕು ನಿಮಿಷ ಪೆನ್ನು ಮುಟ್ಟದೆ ಎಲ್ಲ ಸೆಟ್‌ಗಳನ್ನೂ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪುಗಳನ್ನು) ಓದಿ, ಆಮೇಲೆ ಯಾವುದು ಮೊದಲು ಎಂದು ತೀರ್ಮಾನಿಸುವುದು ಒಳ್ಳೆಯದು.

ಊಹೆಯ ಭಯಕ್ಕೆ ಲೆಕ್ಕವೇ ಮದ್ದು. ಗೇಟ್‌ನಲ್ಲಿ ಒಂದು ಅಂಕದ ಬಹುಆಯ್ಕೆ ಪ್ರಶ್ನೆ ತಪ್ಪಿದರೆ ಮೂರನೇ ಒಂದಂಶ ಕಳೆಯುತ್ತಾರೆ. ಕುರುಡು ಊಹೆಗೆ ಸರಾಸರಿ ಸೊನ್ನೆ. ಒಂದು ಆಯ್ಕೆಯನ್ನಾದರೂ ತಪ್ಪೆಂದು ಖಚಿತವಾಗಿ ತೆಗೆದುಹಾಕಿದರೆ ಊಹೆ ಲಾಭದ ಕಡೆ ವಾಲುತ್ತದೆ. ಸಂಖ್ಯೆ ತುಂಬುವ ಪ್ರಶ್ನೆಗಳಿಗೂ ಹಲವು ಸರಿಯುತ್ತರಗಳಿರುವ ಪ್ರಶ್ನೆಗಳಿಗೂ ಅಂಕ ಕಳೆಯುವುದೇ ಇಲ್ಲ, ಖಾಲಿ ಬಿಡುವುದೇಕೆ? ಪಿಜಿಸಿಇಟಿಯಲ್ಲೂ ನೆಗೆಟಿವ್ ಅಂಕವಿಲ್ಲ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆ ಕೊಟ್ಟರೆ ಅಪಾಯ ಅದರದ್ದು: ಒಂದು ಪ್ರಶ್ನೆ ಬಿಟ್ಟು ಮುಂದಿನದನ್ನು ಅದೇ ಸಾಲಿನಲ್ಲಿ ತುಂಬಿದರೆ ಕೆಳಗಿನದ್ದೆಲ್ಲ ಜಾರುತ್ತದೆ, ಬಾಲ್ ಪೆನ್ನು ಅಳಿಸಲಾಗದು. ಪ್ರತಿ ಹತ್ತಕ್ಕೊಮ್ಮೆ ಪುಸ್ತಿಕೆಯ ಸಂಖ್ಯೆ, ಹಾಳೆಯ ಸಂಖ್ಯೆ ಎರಡನ್ನೂ ತಾಳೆ ನೋಡಬೇಕು.

ಇಷ್ಟಾದರೂ ಎದೆ ಬಡಿಯುತ್ತದೆ, ಬಡಿಯಲಿ. ಮನಶ್ಶಾಸ್ತ್ರಜ್ಞ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜಿಆರ್‌ಇ (ಅಮೆರಿಕದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆಯಲಿದ್ದ ಕೆಲವರಿಗೆ ‘ಎದೆಬಡಿತ ಏರಿದರೆ ಅಂಕ ಕೆಡುವುದಿಲ್ಲ, ಅನುಕೂಲವೂ ಆಗಬಹುದು’ ಎಂದಷ್ಟೇ ತಿಳಿಸಲಾಗಿತ್ತು. ಗಣಿತದಲ್ಲಿ ಅವರು ಉಳಿದವರಿಗಿಂತ ಹೆಚ್ಚು ಅಂಕ ಪಡೆದರು. ಸಣ್ಣ ಗುಂಪಿನ ಅಧ್ಯಯನ ನಿಜ, ಆದರೂ ‘ನಡುಗಬೇಡ’ ಎಂದು ಗದರುವುದಕ್ಕಿಂತ ಈ ಮಾತು ಮೇಲು. ತೀರಾ ಕೈ ನಡುಗಿದರೆ ಪರದೆಯಿಂದ ಕಣ್ಣು ತೆಗೆದು, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಆರು ಸಲ. ಒಂದು ನಿಮಿಷ ಸಾಕು. ಉಸಿರು ಬಿಡುವುದು ದೀರ್ಘವಾದಾಗ ಎದೆಬಡಿತ ತಗ್ಗುತ್ತದೆ. ಆಮೇಲೆ ಬಿಟ್ಟ ಕಠಿಣ ಪ್ರಶ್ನೆಗೆ ಮರಳದೆ, ಖಂಡಿತ ಬರುವ ಒಂದನ್ನು ಮಾಡಬೇಕು. ಪಕ್ಕದವನು ಹಾಳೆ ಮೇಲೆ ಹಾಳೆ ತುಂಬಿಸುತ್ತಿದ್ದಾನೆಂದು ಕಂಗಾಲಾಗುವುದೂ ಬೇಡ; ಗೇಟ್‌ನಲ್ಲಿ ಅವನ ವಿಷಯವೇ ಬೇರೆ ಇರಬಹುದು. ಕಂಪ್ಯೂಟರ್ ನಿಂತುಹೋದರೆ ಕೈ ಎತ್ತಿ ಕುಳಿತಿರಿ. ಸೇವ್ ಆದ ಉತ್ತರಗಳು ಸರ್ವರಿನಲ್ಲಿರುತ್ತವೆ.

ಬೆಳಗ್ಗಿನ ವಿಚಾರ ಚುಟುಕಾಗಿ. ನೀರ್ ದೋಸೆಯೋ ಗಂಜಿಯೋ, ದಿನಾ ತಿನ್ನುವುದನ್ನೇ ತಿನ್ನಿ. ಬನ್ಸ್, ಗೋಳಿಬಜೆ ಪರೀಕ್ಷೆ ಮುಗಿದ ಮೇಲೆ. ಕುಂದಾಪುರ, ಉಡುಪಿ ಕಡೆಯಿಂದ ಮಂಗಳೂರಿಗೆ ಬರುವವರು ಎಕ್ಸ್‌ಪ್ರೆಸ್ ಬಸ್ಸಿನ ವೇಗ ನಂಬಿ ಹೊರಡಬಾರದು. ಮಳೆಗಾಲವಾದರೆ ಕೊಟ್ಟಾರ ಚೌಕಿಯ ನೀರು, ಉಳಿದ ದಿನ ನಂತೂರಿನ ವಾಹನ ಸಾಲು, ಎರಡೂ ನಮಗೆ ಹೊಸತಲ್ಲ. ಪರೀಕ್ಷಾ ಕೇಂದ್ರದ ಬಾಗಿಲು ಮುಚ್ಚುವ ಹೊತ್ತಿಗಿಂತ ಒಂದು ಗಂಟೆ ಮೊದಲು ತಲಪುವಂತೆ ಲೆಕ್ಕ ಹಾಕಿ. ಪ್ರವೇಶಪತ್ರ, ಮೂಲ ಗುರುತಿನ ಚೀಟಿ ಪ್ಲಾಸ್ಟಿಕ್ ಲಕೋಟೆಯಲ್ಲಿರಲಿ, ಮಳೆಯಿದ್ದರೆ ಒಣ ಅಂಗಿಯೊಂದು ಚೀಲದಲ್ಲಿರಲಿ. ಕರಾವಳಿಯವರಿಗೆ ಚಳಿ ಅಭ್ಯಾಸವಿಲ್ಲ. ಒದ್ದೆ ಬಟ್ಟೆಯಲ್ಲಿ ಎಸಿ ಲ್ಯಾಬಿನಲ್ಲಿ ಮೂರು ಗಂಟೆ ಕೂರುವುದು ಶಿಕ್ಷೆ.

ಪರೀಕ್ಷಾ ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಮಾಕ್ ಪರೀಕ್ಷೆಯನ್ನು ಉಚಿತವಾಗಿ ಇಡುತ್ತವೆ. ಬೇಕಿರುವುದು ಕಂಪ್ಯೂಟರ್ ಮತ್ತು ಮೂರು ಗಂಟೆಯ ಮೌನ. ನಮ್ಮ ಕಾಲೇಜುಗಳ ಲ್ಯಾಬುಗಳು ಶನಿವಾರ ಮಧ್ಯಾಹ್ನ ಸಾಮಾನ್ಯವಾಗಿ ಬೀಗ ಹಾಕಿಕೊಂಡಿರುತ್ತವೆ. ನವೆಂಬರಿನಿಂದ ಜನವರಿವರೆಗೆ ತಿಂಗಳಿಗೆ ಎರಡು ಶನಿವಾರ ಅವನ್ನು ತೆರೆದು, ಸುಳ್ಯ, ಬೆಳ್ತಂಗಡಿ, ಬೈಂದೂರಿನ ಬೇರೆ ಕಾಲೇಜುಗಳ ಮಕ್ಕಳನ್ನೂ ಕೂರಿಸಿಕೊಳ್ಳಬೇಕೆಂದು ಎರಡೂ ಜಿಲ್ಲೆಗಳ ಪ್ರಾಂಶುಪಾಲರಲ್ಲಿ ನಮ್ಮ ವಿನಂತಿ. ಮೇಲ್ವಿಚಾರಣೆಗೆ ಒಬ್ಬ ಉಪನ್ಯಾಸಕರು, ಕರೆಂಟು ಹೋದರೆ ಯುಪಿಎಸ್, ಇಷ್ಟಿದ್ದರೆ ನಡೆಯುತ್ತದೆ.

– ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ತರಬೇತಿ ನೀಡುವ ಉಪನ್ಯಾಸಕರು, ಉಡುಪಿ