ವರ್ಷದ ನಂತರ ಬರುವ ವರದಿಯನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಕಟ್ಟಿದ ವಿಮಾನ ಆಕಾಶದಲ್ಲಿ ಲಾಗ ಹಾಕುವಾಗ ಬಿದ್ದು ಪೈಲಟ್ ಸತ್ತ ಸುದ್ದಿ ಹೊರದೇಶಗಳಿಂದ ಆಗಾಗ ಬರುತ್ತದೆ. ಜೊತೆಗೆ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ. ಮಾರನೆಯ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು, 'ಶೋಕಿ ಮಾಡೋಕೆ ಹೋದ, ಸತ್ತ.' ಇದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ನಾನು ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪುಷ್ಪಕ್ ವಿಮಾನಗಳ ರೆಕ್ಕೆಗೆ ಬಟ್ಟೆ ಹೊದಿಸುತ್ತಿದ್ದವನು. ನಮ್ಮ ಎಚ್‌ಎಎಲ್ ಮಾಡಿದ ಎರಡು ಸೀಟಿನ ಪುಟ್ಟ ವಿಮಾನ ಅದು. ಬಟ್ಟೆ ಎಳೆದು ಹೊಲಿದು, ಮೇಲೆ ಡೋಪ್ ಎಂಬ, ಬಟ್ಟೆ ಬಿಗಿಮಾಡುವ ಮೆರುಗೆಣ್ಣೆ ಬಳಿಯುತ್ತಿದ್ದೆವು. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ಒಂದು ಸಲ ಇನ್‌ಸ್ಪೆಕ್ಟರ್ ಬಂದು ರೆಕ್ಕೆಯ ಅಂಚಿಗೆ ಉಗುರು ಹಾಕಿ ಎತ್ತಿದರು. ಒಂದು ಗೇಣು ಬಟ್ಟೆ ಎದ್ದು ಬಂತು. ನಾಲ್ಕು ದಿನದ ಕೆಲಸ ಪೂರ್ತಿ ಕೀಳಿಸಿದರು. ಅವರ ಮೇಲಿನ ಸಿಟ್ಟು ನನಗೆ ಬಹಳ ವರ್ಷ ಇತ್ತು. ಸ್ಟೀವ್ ವಿಟ್‌ಮನ್ ಸತ್ತದ್ದು ಹೇಗೆ ಅಂತ ಓದಿದ ದಿನ ಅದು ಹೋಯಿತು.

ವಿಟ್‌ಮನ್ ಸಾಮಾನ್ಯರಲ್ಲ. ಅಮೆರಿಕದ ರೇಸ್ ಪೈಲಟ್. ಎಷ್ಟೋ ಜನ ಮನೆಯಲ್ಲಿ ಕಟ್ಟಿಕೊಂಡ ಟೈಲ್‌ವಿಂಡ್ ವಿಮಾನದ ನಕ್ಷೆ ಅವರದು. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನ ವಿಮಾನ ನಿಲ್ದಾಣಕ್ಕೆ ಅವರ ಹೆಸರೇ ಇದೆ. 1995ರ ಏಪ್ರಿಲ್ 27ರಂದು, 91ನೇ ವಯಸ್ಸಿನಲ್ಲಿ, ತಾವೇ ಕಟ್ಟಿದ ವಿಮಾನದಲ್ಲಿ ಹೆಂಡತಿಯ ಜೊತೆ ಫ್ಲಾರಿಡಾದಿಂದ ಆಶ್‌ಕಾಶ್‌ಗೆ ಹೊರಟಿದ್ದರು. ಅಲಬಾಮಾದಲ್ಲಿ ವಿಮಾನ ಆಕಾಶದಲ್ಲೇ ಒಡೆದು ಬಿತ್ತು. ಇಬ್ಬರೂ ಉಳಿಯಲಿಲ್ಲ. ರೆಕ್ಕೆಯ ಬಟ್ಟೆಯನ್ನು ಸರಿಯಾಗಿ ಅಂಟಿಸಿರಲಿಲ್ಲ, ಅದು ಬಿಟ್ಟುಕೊಂಡಿತ್ತು ಎಂದಿತು ತನಿಖೆ. ಅದರಿಂದ ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಮಡಚುವ ಪಟ್ಟಿ) ಮತ್ತು ರೆಕ್ಕೆ ಪಟಪಟ ಅದುರಲು ಶುರುವಾದವು. ಇದಕ್ಕೆ ಫ್ಲಟರ್ ಅನ್ನುತ್ತಾರೆ. ಒಮ್ಮೆ ಹಿಡಿದರೆ ಕೆಲವೇ ಕ್ಷಣ. ಅಷ್ಟು ಪಳಗಿದ ಕೈ ಮಾಡಿದ ಕೆಲಸ ಅದು. ಪಕ್ಕದಲ್ಲಿ ಉಗುರು ಹಾಕಿ ನೋಡುವ ಇನ್ನೊಬ್ಬರು ಬೇಕಿತ್ತು, ಅಲ್ವಾ?

ಅವರು ಸೀದಾ ಊರಿಗೆ ಹೋಗುತ್ತಿದ್ದರು, ಲಾಗ ಹಾಕುತ್ತಿರಲಿಲ್ಲ. ಲೂಪ್, ಅಂದರೆ ಆಕಾಶದಲ್ಲಿ ನಿಲುವಾಗಿ ಪೂರ್ತಿ ಸುತ್ತು, ಹೊಡೆದು ಕೆಳಗಿನಿಂದ ಮತ್ತೆ ಮೇಲೆತ್ತುವಾಗ 4 ಜಿ, ಅಂದರೆ ತೂಕದ ನಾಲ್ಕು ಪಟ್ಟು ಭಾರ, ಸಲೀಸಾಗಿ ಬರುತ್ತದೆ. ಆಗ 600 ಕಿಲೋ ವಿಮಾನದ ರೆಕ್ಕೆ 2,400 ಕಿಲೋ ಹೊರಬೇಕು. ಹಾಗಾಗಿಯೇ ಅಮೆರಿಕದಲ್ಲಿ, ಪರೀಕ್ಷಾ ಹಾರಾಟದಲ್ಲಿ ಮಾಡಿ ನೋಡಿ ಲಾಗ್‌ಬುಕ್ಕಿನಲ್ಲಿ ಬರೆದ ಕಸರತ್ತನ್ನು ಮಾತ್ರ ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಮಾಡಬಹುದು.

ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬಿದ್ದು ಸತ್ತರು. ತಾವೇ ಹಾರಿಸುತ್ತಿದ್ದ ಲಾಂಗ್-ಈಜೀ ವಿಮಾನ, ಅದೂ ಮನೆಯಲ್ಲಿ ಕಟ್ಟುವ ಬಗೆಯದೇ, ಬೇರೆಯವರು ಕಟ್ಟಿದ್ದು. ಪೆಟ್ರೋಲ್ ಟ್ಯಾಂಕ್ ಬದಲಿಸುವ ಹಿಡಿಯನ್ನು ಕಟ್ಟಿದವರು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ತಿರುಗಿ ಅದನ್ನು ಹುಡುಕುವಾಗ ಕಾಲು ರಡರ್ ಪೆಡಲ್ (ವಿಮಾನದ ಮೂತಿಯನ್ನು ಪಕ್ಕಕ್ಕೆ ತಿರುಗಿಸುವುದು) ಒತ್ತಿತು, ವಿಮಾನ ಹಿಡಿತ ತಪ್ಪಿತು. ಪೈಲಟ್ ತಪ್ಪು ಅಂತ ವರದಿಯಲ್ಲಿದೆ, ನಿಜ. ಅದೇ ವರದಿಯಲ್ಲಿ ಆ ಹಿಡಿಯ ಜಾಗದ ಬಗ್ಗೆಯೂ ಇದೆ.

ವಿಮಾನ ಬಿದ್ದ ದಿನ ನೀವು ಮುಖಪುಟದಲ್ಲಿ ಫೋಟೊ ಹಾಕುತ್ತೀರಿ. ವರ್ಷದ ಮೇಲೆ ತನಿಖಾ ವರದಿ ಬಂದಾಗ ಒಳಪುಟದಲ್ಲಿ ಹತ್ತು ಸಾಲು ಕೊಡಿ. ಯಾವ ಬೋಲ್ಟ್, ಯಾವ ಅಂಟು, ಎಷ್ಟು ಎತ್ತರ, ಇಷ್ಟು ಬರಲಿ ಸಾಕು.

ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿ ಗ್ಯಾರೇಜಿನಲ್ಲಿ ಕಿಟ್ ವಿಮಾನ (ಬಿಡಿಭಾಗ ತರಿಸಿ ಜೋಡಿಸುವುದು) ಕಟ್ಟುತ್ತಿದ್ದಾನೆ. ಮುಗಿದ ಮೇಲೆ ಲೂಪ್ ಹೊಡೆಯಬೇಕಂತೆ. ವಿಟ್‌ಮನ್ ವರದಿ ಕಳಿಸಿದ್ದೂ ಅವನೇ. ಅವನು ಇಂಗ್ಲಿಷಿನಲ್ಲಿ ಎಲ್ಲ ಓದಿಕೊಳ್ಳುತ್ತಾನೆ. ಅಕ್ಕ ಓದುವುದು ನಿಮ್ಮ ಪತ್ರಿಕೆ ಮಾತ್ರ. ಅವನ ವಿಮಾನದಲ್ಲಿ ಮೊದಲು ಕೂರುವವಳು ತಾನೇ ಅಂತ ಹೇಳಿಕೊಂಡು ಓಡಾಡುತ್ತಿದ್ದಾಳೆ. ಕೂರುವ ಮೊದಲು ಮಗನಿಗೆ ಏನೇನು ಕೇಳಬೇಕು ಅಂತ ಅವಳಿಗೂ ಗೊತ್ತಿರಲಿ.

— ನಿವೃತ್ತ ವಿಮಾನ ತಂತ್ರಜ್ಞ, ಯಲಹಂಕ, ಬೆಂಗಳೂರು