ಸಾಫ್ಟ್‌ಬಾಲ್: ಅಪೀಲ್ ಇಲ್ಲದೆ ಅಂಪೈರ್ ಔಟ್ ಕೊಡುವಂತಿಲ್ಲ

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯ ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಸಾಫ್ಟ್‌ಬಾಲ್ ಪಂದ್ಯಗಳಲ್ಲಿ ಪದೇ ಪದೇ ಏಳುವ ಒಂದು ತಕರಾರಿನ ಬಗ್ಗೆ ಬರೆಯುತ್ತಿದ್ದೇನೆ. ಈ ಆಟದಲ್ಲಿ ರನ್ ಗಳಿಸಲು ಓಟಗಾರ್ತಿ ಅಂಗಳದಲ್ಲಿ ಗುರುತಿಗಾಗಿ ಇಟ್ಟ ಮೂರು ಬೇಸುಗಳನ್ನೂ ಸರದಿಯಂತೆ ಮುಟ್ಟಿ, ಬ್ಯಾಟ್ ಮಾಡುವ ಜಾಗವಾದ ಹೋಂ ಪ್ಲೇಟಿಗೆ ಮರಳಬೇಕು. ಕೆಲವೊಮ್ಮೆ ಅವಳು ಒಂದು ಬೇಸನ್ನು ತುಳಿಯದೆ ದಾಟಿ ಹೋಂ ಪ್ಲೇಟ್ ತಲುಪುತ್ತಾಳೆ. ಅದನ್ನು ಕಂಡ ಅಂಪೈರ್ ಏನೂ ಹೇಳದೆ ನಿಂತಿರುತ್ತಾರೆ. ಮೈದಾನದ ಅಂಚಿನಲ್ಲಿರುವ ಪೋಷಕರು, ಕೆಲವೊಮ್ಮೆ ತಂಡದ ಜೊತೆ ಬಂದ ಶಿಕ್ಷಕರೂ ಪಕ್ಷಪಾತವೆಂದು ಕೂಗಾಡುತ್ತಾರೆ. ಈಚೆಗೆ ತಾಲ್ಲೂಕು ಮಟ್ಟದ ಪಂದ್ಯವೊಂದರಲ್ಲಿ ಇಂಥ ಕೂಗಿಗೆ ಅಂಜಿದ ಅಂಪೈರ್, ಫೀಲ್ಡಿಂಗ್ ತಂಡದಿಂದ ಯಾರೂ ಅಪೀಲ್ ಮಾಡದಿದ್ದರೂ ಓಟಗಾರ್ತಿಯನ್ನು ಔಟ್ ಎಂದು ಸಾರಿದರು. ಆ ತೀರ್ಪು ನಿಯಮಕ್ಕೆ ವಿರುದ್ಧವಾದುದು. ಅದಕ್ಕೆ ಮೊದಲು ಅವರು ತಾಳಿದ್ದ ಮೌನವೇ ಸರಿಯಾಗಿತ್ತು.

ಬೇಸ್ ತಪ್ಪಿಸಿದ ಓಟಗಾರ್ತಿ, ಎದುರಾಳಿಗಳು ಅಪೀಲ್ ಮಾಡುವವರೆಗೆ ಆ ಬೇಸನ್ನು ಮುಟ್ಟಿದ್ದಾಳೆಂದೇ ಲೆಕ್ಕ. ಕ್ರಿಕೆಟ್ ನೋಡುವ ನಮ್ಮ ಜನರಿಗೆ ಇದು ಹೊಸದಾಗಿ ಕಾಣಬೇಕಿಲ್ಲ. ಅಲ್ಲಿಯೂ ಫೀಲ್ಡರ್ ಕೇಳದೆ ಅಂಪೈರ್ ಬೆರಳೆತ್ತುವಂತಿಲ್ಲ, ಬೌಲರ್ ಮುಂದಿನ ಚೆಂಡಿಗೆ ಓಡಲಾರಂಭಿಸಿದರೆ ಕೇಳುವ ಹಕ್ಕೂ ಮುಗಿಯುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಮುಂದಿನ ಚೆಂಡು ಎಸೆಯುವ ಮೊದಲೇ ಅಪೀಲ್ ಬರಬೇಕು. ಇನಿಂಗ್ಸ್‌ನ ಕೊನೆಯಲ್ಲಾದರೆ ಪಿಚರ್ ಮತ್ತು ಇನ್‌ಫೀಲ್ಡ್ (ಬೇಸುಗಳ ಬಳಿ ನಿಲ್ಲುವ) ಆಟಗಾರ್ತಿಯರು ಅಂಗಳ ಬಿಟ್ಟು ಹೊರಡುವ ಮೊದಲು ಬರಬೇಕು. ಆಟ ನಡೆಯುತ್ತಿರುವಾಗ ಚೆಂಡು ಹಿಡಿದವಳು ತಪ್ಪಿದ ಬೇಸನ್ನಾಗಲಿ ಓಟಗಾರ್ತಿಯನ್ನಾಗಲಿ ಮುಟ್ಟಿ ಕೇಳಬಹುದು. ಚೆಂಡು ಡೆಡ್ ಆದ, ಅಂದರೆ ಆಟ ನಿಂತ ಮೇಲೆ, ಯಾವ ಓಟಗಾರ್ತಿ ಯಾವ ಬೇಸನ್ನು ತಪ್ಪಿಸಿದಳು ಎಂದು ಬಾಯಲ್ಲಿ ಹೇಳಿದರೂ ಸಾಕು, ಕೈಯಲ್ಲಿ ಚೆಂಡು ಇರಬೇಕೆಂದೇನಿಲ್ಲ. ಚೆಂಡಿಲ್ಲವೆಂಬ ಕಾರಣಕ್ಕೆ ಇಂಥ ಅಪೀಲನ್ನು ತಳ್ಳಿಹಾಕುವ ಅಂಪೈರುಗಳೂ ನಮ್ಮಲ್ಲಿದ್ದಾರೆ. ಕೇಳದೆ ಔಟ್ ಕೊಡುವುದು ಎಷ್ಟು ತಪ್ಪೋ, ಸರಿಯಾಗಿ ಕೇಳಿದಾಗ ಕಿವಿಗೊಡದಿರುವುದೂ ಅಷ್ಟೇ ತಪ್ಪು.

ಜನರ ಅನುಮಾನಕ್ಕೆ ಕಾರಣವಿಲ್ಲದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಪಿಚರ್ ಕೈಯಿಂದ ಚೆಂಡು ಬಿಡುವ ಮೊದಲೇ ಓಟಗಾರ್ತಿ ಬೇಸ್ ಬಿಟ್ಟರೆ ಅಂಪೈರ್ ಯಾರನ್ನೂ ಕಾಯದೆ ಡೆಡ್ ಬಾಲ್ ಎಂದು ಕೂಗಿ ಅವಳನ್ನು ಔಟ್ ಮಾಡುತ್ತಾರೆ. ಅದೇ ಅಂಪೈರ್ ಅದೇ ಆಟಗಾರ್ತಿ ಎರಡನೇ ಬೇಸನ್ನು ತುಳಿಯದೆ ಹೋದಾಗ ಸುಮ್ಮನಿದ್ದರೆ, ನಿಯಮ ತಿಳಿಯದವರಿಗೆ ಇದು ಎರಡು ನ್ಯಾಯದಂತೆ ಕಾಣುವುದು ಸಹಜ. ಆದರೆ ಬೇಸನ್ನು ಬೇಗ ಬಿಡದಂತೆ ಕಾಯುವುದು ಅಂಪೈರಿನ ಕೆಲಸವಾದರೆ, ಓಟಗಾರ್ತಿಯ ಕಾಲು ಬೇಸಿನ ಮೇಲೆ ಬಿತ್ತೇ ಎಂದು ಗಮನಿಸಿ ಕೇಳುವುದು ಫೀಲ್ಡಿಂಗ್ ತಂಡದ ಕೆಲಸ. ಅಂಪೈರ್ ತಾವಾಗಿ ಹೇಳಿದರೆ, ಅಷ್ಟೇಕೆ, ತಪ್ಪಿದ ಬೇಸಿನ ಕಡೆಗೆ ದಿಟ್ಟಿಸಿ ನೋಡುತ್ತ ನಿಂತರೂ, ಒಂದು ತಂಡದ ಎಚ್ಚರಗೇಡಿತನವನ್ನು ಅವರೇ ತುಂಬಿಕೊಟ್ಟಂತಾಗುತ್ತದೆ. ಬೇಸ್ ತಪ್ಪಿಸಿದವಳಿಗೂ ಹಿಂದಿರುಗಿ ಅದನ್ನು ಮುಟ್ಟಿ ಬರುವ ಅವಕಾಶವಿದೆ. ಅವಳ ಹಿಂದೆ ಓಡಿಬರುತ್ತಿದ್ದ ಓಟಗಾರ್ತಿ ಹೋಂ ಪ್ಲೇಟ್ ಮುಟ್ಟಿದ ಮೇಲೆ ಅಥವಾ ಅವಳೇ ಡಗೌಟ್ ಸೇರಿದ ಮೇಲೆ ಆ ಅವಕಾಶವಿಲ್ಲ.

ಇನಿಂಗ್ಸ್ ಮುಗಿಸುವ ಮೂರನೇ ಔಟ್ ಅಪೀಲಿನಿಂದ ಬಂದಾಗ ಸ್ಕೋರ್ ಪುಸ್ತಕದಲ್ಲಿ ಆಗುವ ಗೊಂದಲ ಎಲ್ಲಕ್ಕಿಂತ ದೊಡ್ಡದು, ಪಂದ್ಯದ ಫಲಿತಾಂಶವೇ ಅದರಿಂದ ಬದಲಾಗಬಹುದು. ಇಬ್ಬರು ಔಟಾಗಿದ್ದು, ಎರಡನೇ ಮತ್ತು ಮೂರನೇ ಬೇಸಿನಲ್ಲಿ ಓಟಗಾರ್ತಿಯರಿದ್ದಾರೆ ಎನ್ನೋಣ. ಚೆಂಡು ಔಟ್‌ಫೀಲ್ಡಿಗೆ ಹೋಗಿ ಇಬ್ಬರೂ ಹೋಂ ಪ್ಲೇಟ್ ಮುಟ್ಟುತ್ತಾರೆ, ಆದರೆ ಎರಡನೇ ಬೇಸಿನಿಂದ ಬಂದವಳು ಮೂರನೇ ಬೇಸನ್ನು ತುಳಿದಿಲ್ಲ. ಅಪೀಲ್ ಎತ್ತಿಹಿಡಿದರೆ ಅವಳ ರನ್ ಹೋಗುತ್ತದೆ, ಅವಳಿಗಿಂತ ಮುಂದಿದ್ದವಳ ರನ್ ಉಳಿಯುತ್ತದೆ. ಇದೇ ಹೊಡೆತದಲ್ಲಿ ಬೇಸ್ ತಪ್ಪಿಸಿದವಳು ಬ್ಯಾಟ್ ಮಾಡಿದವಳೇ ಆಗಿದ್ದು, ಅವಳು ಮೊದಲ ಬೇಸನ್ನೇ ಮುಟ್ಟದೆ ಹೋಗಿದ್ದರೆ ಎರಡು ರನ್‌ಗಳೂ ಹೋಗುತ್ತವೆ. ಮೂರೂ ಬೇಸ್ ತುಂಬಿದ್ದಾಗ ಎರಡನೇ ಬೇಸಿನಿಂದ ಹೊರಟವಳು ಮೂರನೆಯದನ್ನು ತಪ್ಪಿಸಿದರೆ ಅದು ಫೋರ್ಸ್ ಔಟ್, ಅಂದರೆ ಹಿಂದೆ ಓಡಿಬರುವವರಿಗಾಗಿ ತನ್ನ ಬೇಸ್ ಬಿಟ್ಟು ಓಡಲೇಬೇಕಾದವಳು ಮುಂದಿನ ಬೇಸ್ ಮುಟ್ಟದೆ ಔಟಾಗುವುದು. ಆಗಲೂ ಒಂದು ರನ್ನೂ ಸಿಗದು. ಈ ವ್ಯತ್ಯಾಸವನ್ನು ಅಂಪೈರ್ ಸ್ಕೋರರಿಗೆ ಸ್ಪಷ್ಟವಾಗಿ ಹೇಳದಿದ್ದರೆ ಆಟ ಮುಗಿದ ಮೇಲೆ ಜಗಳ ತಪ್ಪಿದ್ದಲ್ಲ.

ಬೇಸಿನಿಂದ ಬೇಸಿಗೆ 60 ಅಡಿ ಅಂತರವಿರುವ ಅಂಗಳದಲ್ಲಿ ಮೂವರು ಓಟಗಾರ್ತಿಯರು ಒಟ್ಟಿಗೆ ಓಡುವಾಗ ಎಲ್ಲರ ಪಾದಗಳನ್ನೂ ಒಬ್ಬರೇ ನೋಡುವುದು ಸಾಧ್ಯವಿಲ್ಲ. ಆದರೂ ಕೆಳಹಂತದ ಪಂದ್ಯಗಳನ್ನು ಒಬ್ಬರೇ ಅಂಪೈರಿನ ಮೇಲೆ ಬಿಡುವುದಿದೆ. ಕಾಣದ್ದಕ್ಕೆ ಔಟ್ ಕೊಡುವಂತಿಲ್ಲವಾದ್ದರಿಂದ, ಸರಿಯಾಗಿ ಗಮನಿಸಿ ಅಪೀಲ್ ಮಾಡಿದ ಹುಡುಗಿಯರಿಗೂ ಆಗ ನ್ಯಾಯ ಸಿಗುವುದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮರಳುತ್ತಿರುವ ಆಟವಿದು. ಬೇಲೂರು, ಅರಸೀಕೆರೆ, ಸಕಲೇಶಪುರದ ಹುಡುಗಿಯರೂ ಇದನ್ನು ಸರಿಯಾದ ನಿಯಮದಲ್ಲೇ ಕಲಿಯಬೇಕು.

ಆದ್ದರಿಂದ ಶಾಲಾ ಶಿಕ್ಷಣ ಇಲಾಖೆ ಮತ್ತು ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು, ಈ ವರ್ಷದ ತಾಲ್ಲೂಕು ಪಂದ್ಯಗಳಿಗೆ ಮೊದಲು ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಸ್ಕೋರರುಗಳಿಗೆ ಒಂದು ದಿನದ ತರಬೇತಿಯನ್ನು ಮೈದಾನದಲ್ಲೇ, ಮಕ್ಕಳನ್ನು ಓಡಿಸಿ ತೋರಿಸುತ್ತ ನಡೆಸಬೇಕೆಂದು ಕೋರುತ್ತೇನೆ. ಅಪೀಲ್ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಪ್ರತಿ ತಂಡಕ್ಕೂ ಕೊಡಬೇಕು. ಇಷ್ಟೂ ಆಗದಿದ್ದರೆ, ಕನಿಷ್ಠ ಪ್ರತಿ ಪಂದ್ಯಕ್ಕೂ ಪ್ಲೇಟಿನ ಹಿಂದೆ ಒಬ್ಬರು, ಬೇಸುಗಳ ಬಳಿ ಒಬ್ಬರು ಹೀಗೆ ಇಬ್ಬರು ಅಂಪೈರುಗಳನ್ನಾದರೂ ನೇಮಿಸಬೇಕು.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ