ಉಪಗ್ರಹ ಇಂಟರ್‌ನೆಟ್: ಮೊದಲ ಡಿಶ್ ಶಾಲೆಗಿರಲಿ

ಮಾನ್ಯರೆ,

ಕೊರೊನಾ ಕಾಲದಲ್ಲಿ ನಮ್ಮೂರ ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಗುಡ್ಡ ಹತ್ತಿ ಆನ್‌ಲೈನ್ ಪಾಠ ಕೇಳಿದರು. ಆ ಜಾಗಕ್ಕೆ ಈಗಲೂ ‘ನೆಟ್‌ವರ್ಕ್ ಗುಡ್ಡ’ ಎಂದೇ ಹೆಸರು. ಆಮೇಲೆ ಟವರ್ ಬಂತು. ಕರೆಂಟ್ ಹೋದ ಅರ್ಧ ಗಂಟೆಗೆ ಅದೂ ಮಲಗುತ್ತದೆ.

ಹಾಗಾಗಿ ಊರಿನ ಟವರ್ ನೆಚ್ಚದೆ ನೇರ ಡಿಶ್‌ಗೇ ಇಂಟರ್‌ನೆಟ್ ಕೊಡುವ, ಭೂಮಿಗೆ ಹತ್ತಿರದ ಕಕ್ಷೆಯ ಉಪಗ್ರಹಗಳ ಮೇಲೆ ನಮಗೆ ಆಸೆ. ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳಿರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಅಲ್ಲಿಗೆ ಹೋದ ಮಾತಿಗೆ ಉತ್ತರ ಬರಲು ಅರ್ಧ ಸೆಕೆಂಡ್ ಹಿಡಿಯುತ್ತದೆ. ಸ್ಟಾರ್‌ಲಿಂಕ್ ಕಂಪನಿಯವು ಸುಮಾರು 550 ಕಿ.ಮೀ., ಒನ್‌ವೆಬ್ ಕಂಪನಿಯವು 1,200 ಕಿ.ಮೀ. ಎತ್ತರದಲ್ಲಷ್ಟೇ ಸುತ್ತುವುದರಿಂದ ಉತ್ತರ ಬೇಗ ಬರುತ್ತದೆ. ಆದರೆ ಒಂದೊಂದೂ ಕೆಲವೇ ನಿಮಿಷದಲ್ಲಿ ನಮ್ಮ ತಲೆಯ ಮೇಲಿಂದ ದಾಟಿಹೋಗುವುದರಿಂದ ನೂರಾರು, ಸಾವಿರಾರು ಬೇಕು. ಒನ್‌ವೆಬ್‌ನ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ಎರಡು ಕಂತಿನಲ್ಲಿ ಹಾರಿಸಿದ್ದು ನಮ್ಮ ಇಸ್ರೊದ ರಾಕೆಟ್ಟೇ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೂ ಕೇಂದ್ರದ ಪರವಾನಗಿ ಸಿಕ್ಕಿತು.

ನನ್ನ ತಕರಾರು ಬೇರೆ. ಡಿಶ್‌ಗೆ ತೆರೆದ ಆಕಾಶ ಬೇಕು. ಅಡಿಕೆ ತೋಟ, ಹಲಸಿನ ಮರಗಳ ನಡುವಿನ ಮನೆಗೆ ಅದೆಲ್ಲಿ? ಜಡಿಮಳೆಗೆ ಸಿಗ್ನಲ್ ಕುಂದುವುದೂ ಉಂಟು. ಬೆಲೆಯಂತೂ ಕೂಲಿಯವರ ಕೈಗೆಟುಕುವುದು ಅನುಮಾನ. ಮನೆಗೊಂದು ಡಿಶ್ ಎನ್ನುವ ಬದಲು ಶಾಲೆ, ಗ್ರಾಮ ಪಂಚಾಯಿತಿ, ನ್ಯಾಯಬೆಲೆ ಅಂಗಡಿಯ ತಾರಸಿ ಮೇಲೆ ಸರ್ಕಾರವೇ ಒಂದೊಂದು ಕೂರಿಸಿ, ಜೊತೆಗೆ ಸೋಲಾರ್ ಬ್ಯಾಟರಿಯನ್ನೂ ಕೊಡಲಿ. ಸರ್ವರ್ ಸಿಗದೆ ಪಡಿತರಕ್ಕಾಗಿ ಮುದುಕಿಯರು ಮೂರು ಮೂರು ಸಲ ಅಲೆಯುವುದಾದರೂ ತಪ್ಪೀತು.

– ಓದುಗ, ಹೊಸನಗರ ತಾಲ್ಲೂಕು